ಆರು ಗಂಟೆಯ ಕರೆ

ಬಾಗಿಲು ತಟ್ಟುವ ಗೋಜಿಗೂ ಹೋಗದೆ ರೆನಿಟಾ ಚರ್ಚಿನ ಅಡುಗೆಮನೆಗೆ ನುಗ್ಗಿದಳು. ಕೈಯಲ್ಲಿ ಕಾಲೇಜಿನ ಹಾಜರಿ ಪಟ್ಟಿ. ಅದರಲ್ಲಿ ಒಂದು ಹೆಸರಿನ ಕೆಳಗೆ ಕೆಂಪು ಗೆರೆ: ಲಮಾಂಟ್, ವೆಲ್ಡಿಂಗ್ ವಿಭಾಗ. ಮೂರು ವಾರದಿಂದ ಪತ್ತೆಯಿಲ್ಲ.

ಬೆಳಗಿನ ಆರು ಗಂಟೆ. ಉದ್ದ ಮೇಜಿನ ಸುತ್ತ ಏಳು ಮುದುಕಿಯರು, ಏಳು ಫೋನು. ಮಿಸಿಸಿಪ್ಪಿಯ ಆ ಪುಟ್ಟ ಊರಿನಲ್ಲಿ ಕಪ್ಪು ಜನರ ಮಕ್ಕಳು ಓದನ್ನು ಅರ್ಧಕ್ಕೆ ಬಿಡಬಾರದೆಂದು ಚರ್ಚೂ ಕಮ್ಯುನಿಟಿ ಕಾಲೇಜೂ ಸೇರಿ ಮಾಡಿಕೊಂಡ ಏರ್ಪಾಡು ಅದು. ಊರೆಲ್ಲ ‘ಮದರ್’ ಎಂದು ಕರೆಯುವ ಈ ಹಿರಿಯರಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬ ವಿದ್ಯಾರ್ಥಿ. ದಿನವೂ ಫೋನು ಮಾಡಿ ಎಬ್ಬಿಸಬೇಕು, ಉಂಡೆಯಾ ಎಂದು ಕೇಳಬೇಕು, ಕ್ಲಾಸಿಗೆ ಅಟ್ಟಬೇಕು. ಅಲಾರಂ ಬಾಯಿ ಮುಚ್ಚಿಸಬಹುದು, ಇವರ ಬಾಯಿ ಮುಚ್ಚಿಸಿದವರು ಇನ್ನೂ ಹುಟ್ಟಿಲ್ಲ.

ರೆನಿಟಾ ಜಾಕ್ಸನ್ ನಗರದಿಂದ ಬಂದು ನಾಲ್ಕೇ ದಿನ. ಕಾಲೇಜಿನಲ್ಲಿ ಈ ಏರ್ಪಾಡನ್ನು ನೋಡಿಕೊಳ್ಳುವ, ತಿಂಗಳಿಂದ ಖಾಲಿ ಬಿದ್ದಿದ್ದ ಕುರ್ಚಿ ಅವಳಿಗೆ ಸಿಕ್ಕಿತ್ತು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಅವಳೂ ಇದ್ದಬದ್ದ ಪಟ್ಟಿಗಳನ್ನೆಲ್ಲ ಜಾಲಾಡಿದ್ದಳು. ಒಬ್ಬ ಮದರ್ ಸಿಗಲೆಂದು ಹನ್ನೊಂದು ಮಕ್ಕಳು ಸರದಿಯಲ್ಲಿ ಕಾಯುತ್ತಿದ್ದರು. ಎಬ್ಬಿಸುವವರಿಲ್ಲದೆ ಓದು ಬಿಟ್ಟ ತಮ್ಮನೊಬ್ಬ ಅವಳಿಗೂ ಇದ್ದ. ಸೋಮಾರಿಗೊಂದು ಜಾಗ ಕಾದಿಡುವುದನ್ನು ಅವಳಿಂದ ಸಹಿಸಲಾಗಲಿಲ್ಲ. ಆ ಸಿಟ್ಟಿನಲ್ಲಿ ತಪ್ಪೇನೂ ಇರಲಿಲ್ಲ.

ಲಮಾಂಟ್‌ನ ಪಾಲಿಗೆ ಬಂದಿದ್ದವರು ಎಂಬತ್ತೊಂದರ ಮದರ್ ಅರ್ನೆಟಾ. ಆಗಲೇ ನಂಬರು ಒತ್ತುತ್ತಿದ್ದರು. ಕಿವಿ ಮಂದ, ಹಾಗಾಗಿ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕುವುದು ರೂಢಿ.

“ಅವನ ಹೆಸರು ಪಟ್ಟಿಯಿಂದ ತೆಗೀತಿದ್ದೀನಿ, ಮದರ್. ಮೂರು ವಾರದಿಂದ ಕ್ಲಾಸಿಗೇ ಬಂದಿಲ್ಲ.”

“ಗೊತ್ತು ಕಣಮ್ಮ. ಕೂತ್ಕೊ, ಕಾಫಿ ಕುಡಿ. ಈ ಫೋನೊಂದು ಮುಗಿಸಿ ಹೇಳ್ತೀನಿ.”

ಉಳಿದ ಆರು ಜನವೂ ಮಾತು ನಿಲ್ಲಿಸಿ ತಲೆ ತಗ್ಗಿಸಿದರು. ಎಲ್ಲರೂ ಸೇರಿಯೇ ಅವನನ್ನು ಬಚ್ಚಿಡುತ್ತಿದ್ದಾರೆ ಎಂದುಕೊಂಡಳು ರೆನಿಟಾ.

ಫೋನು ಬಹಳ ಹೊತ್ತು ಬಡಿದುಕೊಂಡಿತು. ಕೊನೆಗೆ ಯಾರೋ ಎತ್ತಿದರು.

“ಎದ್ದೆಯಾ ಮಗಾ? ಕಾಲು ನೆಲಕ್ಕೆ ಊರಿದೆಯಾ?”

“ಊರ್ತಾ ಇದ್ದೀನಿ, ಮದರ್.” ನಿದ್ದೆ ಹರಿಯದ ಗಡಸು ದನಿ.

ನಿನ್ನೆ ಕಳಿಸಿದ ಮೆಕ್ಕೆಜೋಳದ ಬ್ರೆಡ್ಡು ತಿಂದೆಯಾ ಎಂದು ಅರ್ನೆಟಾ ಕೇಳಿದರು. ತಿಂದಿಲ್ಲವಂತೆ. ಸ್ನಾನ? ಅದೂ ಇಲ್ಲ. ಕಿಟಕಿಯ ಪರದೆಯನ್ನಾದರೂ ಸರಿಸು, ಬೆಳಕು ಬರಲಿ ಎಂದು ಗೋಗರೆದರು. ನಾಳೆ ಸರಿಸುತ್ತೇನೆ ಎಂದಿತು ಆ ದನಿ.

ಆ ವಯಸ್ಸಿನವರು ಹೀಗೆ ಬೇಡಿಕೊಳ್ಳುವುದನ್ನು ಕೇಳಿ ರೆನಿಟಾ ಮೇಜಿನ ಬಳಿಗೆ ನುಗ್ಗಿದಳು. ಅರ್ನೆಟಾ ಕೈ ಅಡ್ಡ ತರುವಷ್ಟರಲ್ಲಿ ಫೋನಿನ ಮೇಲೆ ಬಗ್ಗಿಯೇಬಿಟ್ಟಳು.

“ಲಮಾಂಟ್, ನಾನು ಕಾಲೇಜಿನಿಂದ ಮಾತಾಡ್ತಿರೋದು. ಓದೋ ಮನಸ್ಸಿಲ್ಲದಿದ್ರೆ ಬಿಡು, ಈ ಅಜ್ಜಿನ ಯಾಕೆ ಗೋಳು ಹುಯ್ಕೋತೀಯ? ನಾಳೆಯಿಂದ ನಿನಗೆ ಈ ಫೋನು ಬರಲ್ಲ.”

ಅರ್ನೆಟಾ ಅವಳ ತೋಳು ಹಿಡಿದು ಹಿಂದಕ್ಕೆ ಎಳೆದರು.

“ನಿಲ್ಲಿಸಬೇಡಿ ಮೇಡಂ,” ಎಂದಿತು ಆ ದನಿ, “ಲಮಾಂಟ್‌ನ ಮಣ್ಣು ಮಾಡಿ ಮೂರು ವಾರ ಆಯ್ತು, ನಾನು ಅವನಪ್ಪ, ಇವರು ಕರೀದಿದ್ರೆ ನಾನು ಏಳೋದೇ ಇಲ್ಲ.”