ಎಂಟು ದಿನದ ಗಿಟಾರು

ಪೆಟ್ಟಿಗೆಯ ಮುಚ್ಚಳ ತೆರೆಯುವ ಮೊದಲೇ ಅವಳು ತೀರ್ಪು ಕೊಟ್ಟಾಗಿತ್ತು. "ವಾಪಸ್ ಕೊಟ್ಟು ಬನ್ನಿ."

"ನೀನಿನ್ನೂ ನೋಡೇ ಇಲ್ಲವಲ್ಲೇ!"

"ನೋಡೋದೇನಿದೆ? ಐವತ್ತು ದಾಟಿದ ಮೇಲೆ ಗಿಟಾರು. ಹಲ್ಲು ಹೋದ ಮೇಲೆ ಕಡಲೆ ತಂದ ಹಾಗೆ."

ಗಂಡ ಬಡಗಿ. ಬೈಗುಳವನ್ನು ಮರದ ಹೊಟ್ಟಿನಂತೆ ಹೆಗಲಿಂದ ಕೊಡವಿಕೊಳ್ಳುವುದು ಅವನಿಗೆ ರೂಢಿ. "ಎಂಟು ದಿನದೊಳಗೆ ಹಿಂದಿರುಗಿಸಬಹುದಂತೆ. ಅಲ್ಲೀವರೆಗೂ ಇರಲಿ ಕಣೇ. ಆಮೇಲೂ ಬೇಡ ಅಂದ್ರೆ ನಾನೇ ಹೊತ್ಕೊಂಡು ಹೋಗ್ತೀನಿ."

ಅವಳು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೇಡವೆಂದರೂ ಕಣ್ಣು ಅಳತೆ ತೆಗೆಯಿತು. ಚಿಕ್ಕ ಮೈಯ ಗಿಟಾರು. ಅಂಗಡಿಗಳಲ್ಲಿ ತೂಗುಹಾಕುವ ಡೊಳ್ಳುಹೊಟ್ಟೆಯವುಗಳ ಕೊನೆಯ ತಂಗಿಯಂತಿತ್ತು. ಸೊಂಟ ಸಣ್ಣ, ಹೆಗಲು ಇಳಿಜಾರು. ಎತ್ತಿ ನೋಡಿದರೆ ಒಂದು ಸೀರೆಯ ಗಂಟಿನಷ್ಟೂ ಭಾರವಿಲ್ಲ. ಅಂಚಿನ ಸುತ್ತ ಓಡಿದ ಬಿಳಿ ಪಟ್ಟಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಅವಳಿಗೂ ತಿಳಿಯಲಿಲ್ಲ. ಹೊಲಿಗೆ ಚೆನ್ನಾಗಿದೆ ಎಂದುಕೊಂಡಳು, ಬಾಯಿಬಿಟ್ಟು ಹೇಳಲಿಲ್ಲ.

ಬೇಡವೆನ್ನಲು ಕಾರಣ ಬೇರೆಯೇ ಇತ್ತು. ಮೊದಲೆಲ್ಲ ಅವಳು ಹೊಲಿಗೆಯಂತ್ರ ತುಳಿಯುತ್ತ ಹಾಡುತ್ತಿದ್ದಳು. ಮೂರು ವರ್ಷದ ಹಿಂದೆ ಗಂಟಲಿಗೆ ಚಿಕಿತ್ಸೆಯಾಗಿ ದನಿ ದಪ್ಪವಾಯಿತು. ಒಂದು ದಿನ ಬಾಗಿಲಲ್ಲಿ ನಿಂತ ಗಿರಾಕಿಯೊಬ್ಬಳು, "ಒಳಗೆ ಯಾರೋ ಗಂಡಸರು ಹಾಡ್ತಿದ್ದಾರಲ್ಲ?" ಎಂದಳು. ಅವತ್ತು ನಿಂತ ಹಾಡು ನಿಂತೇ ಹೋಯಿತು. ಗಂಡ ಎಷ್ಟು ಪುಸಲಾಯಿಸಿದರೂ, "ಹೊಗಳಿ ಹೊಟ್ಟೆ ತುಂಬಿಸಬೇಡಿ" ಎಂದು ಅವನ ಬಾಯಿ ಮುಚ್ಚಿಸಿದ್ದಳು. ಈಗ ಮನೆಯೊಳಗೆ ಹಾಡಿನ ವಸ್ತುವೊಂದು ಬಂದು ಕೂತರೆ, ಗಾಯದ ಮೇಲೆ ನೊಣ ಕೂತ ಹಾಗೆ.

ಮರುದಿನ ಅವನು ಎಂದಿನಂತೆ ಒಂದು ಗಂಟೆ ತಡವಾಗಿ ಬಂದ. ಕೇಳಿದರೆ ಎಂದಿನದೇ ಉತ್ತರ: "ಉಳಿ ಮಸೀತಿದ್ದೆ." ಕೈಕಾಲು ತೊಳೆದು ಗಿಟಾರನ್ನು ಮಡಿಲಿಗೆ ಎತ್ತಿಕೊಂಡ. ಇಷ್ಟು ಪುಟ್ಟ ಮೈಯಿಂದ ಕೀರಲು ದನಿಯೇ ಬರಬೇಕೆಂದು ಅವಳು ಹಲ್ಲು ಕಚ್ಚಿ ಕಾದಳು. ಬಂದದ್ದು ಬೆಚ್ಚಗಿನ, ತಗ್ಗಿದ ದನಿ. ಪಕ್ಕದ ಕೋಣೆಯಲ್ಲಿ ಯಾರೋ ನಿಧಾನವಾಗಿ ಮಾತಾಡುತ್ತಿರುವಂತೆ. ನುಡಿಸಿದ್ದು ಅವಳೇ ಹಿಂದೆ ಹಾಡುತ್ತಿದ್ದ ನೀರು ಸೇದುವ ಹಾಡು. ಒಂದೊಂದೇ ತಂತಿ ಮೀಟುತ್ತ, ತಡವರಿಸುತ್ತ, ಎರಡನೆಯ ಸಾಲಿನ ತಿರುವಿಗೆ ಬಂದ. ಅಲ್ಲಿ ತಪ್ಪಿದ.

ಅದರ ಮಾರನೆಯ ದಿನವೂ ಅಲ್ಲೇ ತಪ್ಪಿದ.

ಅವಳ ಸ್ವಭಾವ ಬೀದಿಗೆಲ್ಲ ಗೊತ್ತು. ಹೊಗಳಿದರೆ ಮುದುಡುತ್ತಾಳೆ, ತಪ್ಪು ಕಂಡರೆ ಸುಮ್ಮನಿರಲಾರಳು. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನ ಅಪರಿಚಿತಳ ಕಾಲರಿನ ಸೊಟ್ಟ ಹೊಲಿಗೆ ಬಿಚ್ಚಲು ಕೈಹಾಕಿ ಬೈಸಿಕೊಂಡಿದ್ದಳು. ಅಂಥವಳ ಕಿವಿಗೆ ದಿನಾ ಅದೇ ಸೊಟ್ಟ ಸ್ವರ.

ನಾಲ್ಕನೆಯ ದಿನ, ಪೀಡೆ ತೊಲಗಲಿ ಎಂದು, ಆರೂ ಬಿರಡೆ ತಿರುಗಿಸಿ ತಂತಿಗಳನ್ನು ಸಡಿಲಿಸಿಟ್ಟಳು. ಸಂಜೆ ಅವನು ಯಾರದೋ ಮನೆಯ ಮುಚ್ಚದ ಬಾಗಿಲಿನ ಕಥೆ ಹೇಳುತ್ತಲೇ ಬಿರಡೆಗಳಿಗೆ ಕೈಹಚ್ಚಿದ. ಅವಳು ಸೂಜಿಗೆ ದಾರ ಪೋಣಿಸಿ ಗಂಟು ಹಾಕುವಷ್ಟರಲ್ಲಿ ಎಲ್ಲವೂ ಸರಿಯಾಗಿತ್ತು. ಇಷ್ಟು ಸುಲಭವೇ ಎಂದು ಅವಳಿಗೆ ನಿರಾಸೆಯಾಯಿತು.

ಐದನೆಯ ದಿನ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ಅಲ್ಲ ರೀ, ಅಲ್ಲ! ಅಲ್ಲಿ ಇಳೀಬೇಕು. ನೀವು ಹತ್ತುತ್ತೀರಿ."

"ಎಲ್ಲಿ?"

"ದಿನಾ ಮುಗ್ಗರಿಸ್ತೀರಲ್ಲ, ಅಲ್ಲೇ."

"ಹೇಗೆ ಇಳಿಯೋದು? ತೋರ್ಸು."

ಗುನುಗಿ ತೋರಿಸಿದಳು. ಅವನು ಗಮನವಿಟ್ಟು ಕೇಳಿ, ತಲೆಯಾಡಿಸಿ, ಮತ್ತೆ ಹತ್ತಿದ.

"ಕಿವಿಗೇನು ಮರದ ಹೊಟ್ಟು ತುಂಬ್ಕೊಂಡಿದೀರಾ?"

ಆರನೆಯ ದಿನ ಇಡೀ ಸಾಲನ್ನೇ ಹಾಡಿ ತೋರಿಸಬೇಕಾಯಿತು. ಏಳನೆಯ ದಿನ, ತಿರುವು ತಲೆಗೆ ಹೋಗಲೆಂದು, ಮೊದಲಿನಿಂದ ಕೊನೆಯವರೆಗೆ ಹಾಡಿದಳು. ಆ ತಗ್ಗಿನ ತಂತಿಗಳ ಪಕ್ಕದಲ್ಲಿ ಅವಳ ದಪ್ಪ ದನಿಗೆ ಕೂರಲು ಜಾಗ ಸಿಕ್ಕಿತ್ತು. ಹೊರಗೆ ಬೀದಿಯಲ್ಲಿ ಯಾರೋ ನಿಂತು ಕೇಳುತ್ತಿದ್ದರು. ನಿಲ್ಲಲಿ, ಎಂದುಕೊಂಡಳು. ಗಂಡ ಅಪ್ಪಿತಪ್ಪಿಯೂ ಹೊಗಳಲಿಲ್ಲ. "ಆ ಜಾಗ ಮಾತ್ರ ನನ್ನ ಕೈಗೆ ಹತ್ತಲ್ಲ ಬಿಡು," ಎಂದು ಗಿಟಾರು ಕೆಳಗಿಟ್ಟ.

ಎಂಟನೆಯ ದಿನ, ಅವನು ಕೆಲಸಕ್ಕೆ ಹೋದ ಮೇಲೆ, ಅವಳು ಪೆಟ್ಟಿಗೆ ಹೊತ್ತು ಅಂಗಡಿಗೆ ನಡೆದಳು. ವಾಪಸು ಕೊಡಲಿಕ್ಕಲ್ಲ. ಅವಳ ಕಸುಬಿನ ಲೆಕ್ಕ ಸ್ಪಷ್ಟವಿತ್ತು: ಹೊಲಿಗೆ ಅಲ್ಲಲ್ಲಿ ತಪ್ಪಿದರೆ ಕೈಯ ದೋಷ, ಯಾವಾಗಲೂ ಒಂದೇ ಕಡೆ ತಪ್ಪಿದರೆ ಯಂತ್ರದ ದೋಷ.

"ಇದರಲ್ಲಿ ಒಂದು ಜಾಗ ಕೆಟ್ಟಿದೆ," ಎಂದು ಅಂಗಡಿಯವನ ಮುಂದಿಟ್ಟಳು. "ಇವತ್ತಿಗೆ ಎಂಟನೇ ದಿನ, ತಪ್ಪಿಸಿಕೊಳ್ಳೋ ಹಾಗಿಲ್ಲ. ರಿಪೇರಿ ಮಾಡಿಕೊಡಿ. ಇಲ್ಲಾಂದ್ರೆ ಇದೇ ಅಳತೆಯ ಬೇರೆ ಕೊಡಿ. ದೊಡ್ಡದು ಬೇಡ, ಇಂಥದ್ದೇ ಬೇಕು."

ಅಂಗಡಿಯವನು ಒಂದು ಜಾಗವನ್ನೂ ಬಿಡದೆ ಮೇಲಿಂದ ಕೆಳಗಿನವರೆಗೆ ನುಡಿಸಿದ. ಪ್ರತಿ ಸ್ವರವೂ ತೊಳೆದಿಟ್ಟ ಗಾಜಿನ ಹಾಗಿತ್ತು. "ಇದಕ್ಕೇನೂ ಆಗಿಲ್ಲಮ್ಮ. ಯಾರು ನುಡಿಸೋದು?"

"ನಮ್ಮನೆಯವರು. ಬಡಗಿ ಕೆಲಸ, ವಾರದ ಹಿಂದೆ ತಗೊಂಡು ಬಂದ್ರಲ್ಲ. ಪಾಪ, ಹೊಸದಾಗಿ ಕಲೀತಿದ್ದಾರೆ."

"ಮೇಷ್ಟ್ರ ಮನೆಯವರಾ ನೀವು?" ಅಂಗಡಿಯವನು ಎದ್ದೇ ನಿಂತ. "ಹೊಸದಾಗಿ ಏನಮ್ಮ, ಮೂರು ವರ್ಷದಿಂದ ದಿನಾ ಸಂಜೆ ಒಂದು ಗಂಟೆ ಇಲ್ಲೇ ಕೂತು ಕಲಿತವರು. ಈಗ ಹೊಸಬರಿಗೆ ಪಾಠ ಹೇಳೋದೂ ಅವರೇ." ಆಮೇಲೆ ದನಿ ತಗ್ಗಿಸಿದ.

"ಆದ್ರೆ ಹೋದ ತಿಂಗಳು ಅವರಿಗೆ ಏನಾಗಿತ್ತೋ ಕಾಣೆ. ಒಂದು ಹಳೇ ಹಾಡು ಹಿಡ್ಕೊಂಡು, ಎರಡನೇ ಸಾಲಲ್ಲಿ ಸರಿಯಾಗಿ ಒಂದೇ ಕಡೆ ತಪ್ಪೋದನ್ನ ತಿಂಗಳಿಡೀ ಅಭ್ಯಾಸ ಮಾಡಿದ್ರು."