ಏಳನೇ ಕ್ಲಾಸಿನ ಲೆಕ್ಕದ ಪೇಪರ್

ಕೂಸಿನ ಅಳು ಕುಣಿಗಲ್ಲಿನ ಪರೀಕ್ಷಾ ಕೊಠಡಿಗೆ ನುಗ್ಗಿದಾಗ ನಾಗರತ್ನಳ ಪೆನ್ನು ನಿಂತಿತು. ಪಕ್ಕದ ಬೆಂಚಿನಲ್ಲಿ ಅದೇ ಏಳನೇ ಕ್ಲಾಸಿನ ಲೆಕ್ಕದ ಪೇಪರ್ ಬರೆಯುತ್ತಿದ್ದವಳು ಅವಳ ಅವ್ವ ಪುಟ್ಟತಾಯಮ್ಮ. ಪಾಸಾದರೆ ಊರಿನ ಅಂಗನವಾಡಿಯಲ್ಲಿ ಟೀಚರ್ ಕೆಲಸ ಸಿಗುತ್ತಿತ್ತು. ಎದೆಹಾಲಿಗೆ ಅವ್ವನ ರವಿಕೆ ಒದ್ದೆಯಾಗಿತ್ತು. ಅವಳು ಸೆರಗು ಬಿಗಿದುಕೊಂಡು ಬರೆಯುತ್ತಲೇ ಇದ್ದಳು.

“ಬಾರೇ ಈಚೆಗೆ! ನೀನ್ ಓದಿ ಡಿಸಿ ಆಗ್ಬೇಕಾ? ಮಗ ಹಸ್ಕೊಂಡ್ ಸಾಯ್ತೈತೆ!” ಕೂಸನ್ನು ಎತ್ತಿಕೊಂಡು ಕಿಟಕಿಯಾಚೆಯಿಂದ ಅಜ್ಜಿ ಕೂಗಿದಳು.

“ಎದ್ದು ಹೋದ್ರೆ ಮತ್ತೆ ಒಳಗೆ ಬಿಡಲ್ಲ ಕಣಮ್ಮ,” ಎಂದರು ಮೇಷ್ಟ್ರು.

ನಾಗರತ್ನ ಎದ್ದು ನಿಂತಳು. “ಅವ್ವ, ನೀನ್ ಬರಿ. ತಮ್ಮನ್ನ ನಾನ್ ದೂರ ಎತ್ಕೊಂಡೋಯ್ತೀನಿ.”

ಪುಟ್ಟತಾಯಮ್ಮ ತಲೆ ಎತ್ತಲಿಲ್ಲ. “ಕೂತ್ಕೊಂಡು ಬರಿಯೇ. ನೀನ್ ಫೇಲಾದ್ರೆ ನಿಮ್ಮಜ್ಜಿ ಈ ವರ್ಸಾನೇ ನಿನ್ ಮದ್ವೆ ಮಾಡ್ತಾಳೆ. ಬರೋ ವರ್ಸ ನಿನ್ ಮಡ್ಲಲ್ಲೂ ಒಂದು ಅಳ್ತಿರ್ತೈತೆ.”

ನಾಗರತ್ನ ಕೂತಳು. ಕೂಸು ಇನ್ನೂ ಅಳುತ್ತಿತ್ತು. ಅವಳು ಐದನೇ ಲೆಕ್ಕ ಶುರುಮಾಡಿದಳು.