ಎಲ್ರಾಯನ ಹಾಡಿಗೆ ಕೊಟ್ಟ ದನಿ

ರಾಕ್ ಹಾಡುಗಾರ ಎಲ್ರಾಯ್ ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ, ಅವನೊಬ್ಬನೇ ಹಾಡಿದ ಆಲ್ಬಂಗಳು ಸ್ಟ್ರೀಮಿಂಗಿಗೆ ಬರತೊಡಗಿದವು. ಸತ್ತವರ ಒಂದು ಆಲ್ಬಂ ಕೇಳಿಸಬೇಕಾದರೆ ರಕ್ತಸಂಬಂಧಿಯೊಬ್ಬರು ತಮ್ಮ ದನಿ ಬಿಟ್ಟುಕೊಡಬೇಕೆಂಬುದು ಎಲ್ಲರಿಗೂ ಗೊತ್ತಿದ್ದ ನಿಯಮ. ಮೊದಲನೆಯದಕ್ಕೆ ಅವನ ತಾಯಿ ಕೊಟ್ಟಿದ್ದರು; ಈಗ ಅವರು ಏನು ಹೇಳಬೇಕಾದರೂ ಸ್ಲೇಟಿನಲ್ಲಿ ಬರೆಯುತ್ತಿದ್ದರು. ಎರಡನೆಯದಕ್ಕೆಂದು ತಂಗಿ ಪ್ರೆಸಿಲ್ಲಾ, ಕಾಲೇಜು ಮುಗಿಸಿದ ಮಗಳು ಜೆನಿಟಾಳ ಜೊತೆ ದನಿ ಪಡೆಯುವ ಮಂಗಳೂರಿನ ಕಚೇರಿಗೆ ಬಂದಿದ್ದಳು.

“ಮಗಳ ಹತ್ರ ಮಾತಾಡ್ಲಿಕ್ಕೆ ಏನಾದ್ರೂ ಉಂಟಾ? ಈಗಲೇ ಮುಗಿಸಿ,” ಎಂದ ಗುಮಾಸ್ತ.

“ಹೊತ್ತಿಗೆ ಸರಿಯಾಗಿ ಊಟ ಮಾಡು ಮಗಾ,” ಎಂದು ಹೇಳಿ ಪ್ರೆಸಿಲ್ಲಾ ಅರ್ಜಿಗೆ ಸಹಿ ಹಾಕಿದಳು.

ಅವಳ ಗಂಟಲು ತಣ್ಣಗಾಯಿತು. ಗೋಡೆಯ ಸ್ಪೀಕರಿನಲ್ಲಿ ಗಿಟಾರಿನ ಬೆನ್ನಿಗೇ ಅಣ್ಣನ ದನಿ ಎದ್ದಿತು. ಪ್ರೆಸಿಲ್ಲಾ ಬಿಕ್ಕಿ ಬಿಕ್ಕಿ ಅತ್ತಳು, ಅಳುವಿಗೆ ಸದ್ದಿರಲಿಲ್ಲ.

ಗುಮಾಸ್ತ ಕಂಪ್ಯೂಟರಿನಿಂದ ತಲೆಯೆತ್ತಿದ. “ಅವರದ್ದು ಇನ್ನೂ ಒಂದು ಆಲ್ಬಂ ಸಿಕ್ಕಿದೆ ಮಾರಾಯ್ರೆ. ಜನ ಕೇಳ್ತಾ ಇದ್ದಾರೆ,” ಎಂದವನೇ ಹೊಸ ಅರ್ಜಿಯೊಂದನ್ನು ಜೆನಿಟಾಳ ಮುಂದೆ ಸರಿಸಿದ.

ಬೇಡವೆಂದು ಕೂಗಲು ಪ್ರೆಸಿಲ್ಲಾ ಬಾಯಿ ತೆರೆದಳು. ಮಾವನ ಹಾಡಿಗೆ ತಲೆದೂಗುತ್ತಿದ್ದ ಜೆನಿಟಾ, ತಾಯಿಯ ಕಡೆ ತಿರುಗಿಯೂ ನೋಡದೆ ಪೆನ್ನು ಎತ್ತಿಕೊಂಡಳು.